‘ಏನಿಲ್ಲ’ದ ತೂಕ

‘ಏನಿಲ್ಲ’ ಎಂಬ ಮಾತನ್ನು ಮೊದಲು ಆಡಿದವರು ಯಾರೋ, ಅವರು ನನ್ನ ಕೈಗೆ ಸಿಕ್ಕರೆ ನಮ್ಮ ಬಂಡಿಯಲ್ಲಿ ಕೂರಿಸಿಕೊಂಡು ಸಮುದ್ರದ ತಳಕ್ಕೆ ಹೋಗಿ ಅಲ್ಲೇ ಇಳಿಸಿ ಬರುತ್ತೇನೆ. ನನ್ನ ಅರ್ಧ ಆಯುಷ್ಯ ಈ ಒಂದು ಮಾತಿನ ಹಿಂದೆ ತೇಯ್ದುಹೋಯಿತು.

ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮೂರಲ್ಲಿ ಹೇಳದೆ ನುಂಗಿಕೊಂಡ ಮಾತಿಗೆ ತೂಕವಿದೆ. ಗಂಡ ಹೆಂಡತಿ ಮಾತು ಬಿಟ್ಟ ಮನೆಯಲ್ಲಿ ಮಂಚದ ಕಾಲು ನೆಲಕ್ಕೆ ಇಳಿದಿರುತ್ತದೆ. ಬಡಗಿ ಬಂದು ಯಾರ ಮುಖವನ್ನೂ ನೋಡದೆ ಹೊಸ ಕಾಲು ಕೂಡಿಸಿ ಹೋಗುತ್ತಾನೆ. ಹೆಣ್ಣು ನೋಡಲು ಬಂದವರನ್ನು ಕುರ್ಚಿಯ ಮೇಲೆ ಕೂರಿಸುವ ಧೈರ್ಯ ಯಾರಿಗೂ ಇಲ್ಲ, ಚಾಪೆ ಹಾಸುತ್ತೇವೆ. ಬಂದರಿನಿಂದ ಪೇಟೆಗೆ ಹೋಗುವ ಬಸ್ಸು ಏರಿನ ಅರ್ಧಕ್ಕೆ ಬಂದು ನಿಲ್ಲದ ದಿನವೇ ಇಲ್ಲ. ಆಗ ಕಂಡಕ್ಟರ್ ಜಯಣ್ಣ ಬಾಗಿಲ ಮೆಟ್ಟಿಲಿಗೆ ಇಳಿದು, ಜನಕ್ಕೆ ಬೆನ್ನು ಹಾಕಿ, ರಸ್ತೆ ನೋಡುತ್ತಾ, “ಯಾರ್ದಾದ್ರೂ ಏನಾದ್ರೂ ಇದ್ರೆ ಹೇಳ್ಬಿಡ್ರಪ್ಪ, ಗಾಡಿ ಏರ್ತಿಲ್ಲ” ಅನ್ನುತ್ತಾನೆ. ಕೂತವರೆಲ್ಲ ಕಿಟಕಿಯ ಆಚೆ ತಿರುಗುತ್ತಾರೆ. ಹಿಂದಿನ ಸೀಟಿನಿಂದ ಯಾರೋ, “ನಮ್ಮಣ್ಣ ಅವನ ಮಗಳ ಮದುವೆಗೆ ನನ್ನ ಕರೀಲಿಲ್ಲ” ಅನ್ನುತ್ತಾರೆ. ಗಾಡಿ ಗುರ್ ಅಂತ ಏರುತ್ತದೆ. ಯಾರು ಹೇಳಿದ್ದು ಅಂತ ಯಾರೂ ತಿರುಗಿ ನೋಡುವುದಿಲ್ಲ, ಇಳಿದ ಮೇಲೆ ವಿಚಾರಿಸುವುದೂ ಇಲ್ಲ. ಹಾಗೆಯೇ ಮನುಷ್ಯರನ್ನು ತಕ್ಕಡಿ ಹತ್ತಿಸುವ ಪದ್ಧತಿಯೂ ನಮ್ಮಲ್ಲಿಲ್ಲ. ಅದು ಬೇರೆಯವರ ಮನೆಯ ಕದದ ಸಂದಿಯಲ್ಲಿ ಇಣುಕಿದಷ್ಟೇ ಅಸಹ್ಯ.

ನೆಲದ ಮೇಲೆ ಇದನ್ನೆಲ್ಲ ಹೇಗೋ ಸುಧಾರಿಸಿಕೊಂಡು ಹೋಗಬಹುದು. ನೀರಿನ ಕೆಳಗೆ ಆಗುವುದಿಲ್ಲ. ನಾನು ಸಬ್‌ಮರೀನಿನಲ್ಲಿ ತೂಕ ನೋಡುವವಳು. ಸರ್ಕಾರಿ ಕಾಗದದಲ್ಲಿ ಅದು ಜಲಾಂತರ್ಗಾಮಿ, ನಮ್ಮೂರ ಬಾಯಲ್ಲಿ ಮುಳುಗುಬಂಡಿ. ಬಂಡಿ ಇಳಿಯಬೇಕಾದರೆ ತೊಟ್ಟಿಗಳಿಗೆ ಸಮುದ್ರದ ನೀರು ಬಿಡಬೇಕು, ಏಳಬೇಕಾದರೆ ಆ ನೀರನ್ನು ಹೊರಗೆ ತಳ್ಳಬೇಕು. ನಡುವೆ ನಿಲ್ಲಬೇಕಾದರೆ ಒಳಗಿನ ಭಾರ ಎಷ್ಟೆಂದು ಗೊತ್ತಿರಬೇಕು. ಕಬ್ಬಿಣ, ಎಣ್ಣೆ, ಅಕ್ಕಿ, ಆಲೂಗಡ್ಡೆ, ಜನ, ಎಲ್ಲದರ ಲೆಕ್ಕವೂ ಮೇಲಿನ ಕಚೇರಿಯಿಂದ ಬರುತ್ತದೆ. ‘ಏನಿಲ್ಲ’ದ ಲೆಕ್ಕ ಬರುವುದಿಲ್ಲ, ಯಾಕೆಂದರೆ ಮೇಲಿನ ಕಚೇರಿ ಬೇರೆ ಊರಿನಲ್ಲಿದೆ. ಹಾಗಾಗಿ ಇಳಿಯುವ ಮುಂಚೆ ನಾನೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ, “ಏನಾದ್ರೂ ಇದೆಯೇನ್ರೋ?” ಅಂತ ಕೇಳುತ್ತೇನೆ. ಒಬ್ಬೊಬ್ಬರೂ, “ಏನಿಲ್ಲಕ್ಕ” ಅನ್ನುತ್ತಾ ಒಳಗೆ ಹೋಗುತ್ತಾರೆ. ಬಂಡಿ ಮಾತ್ರ ಗಬ್ಬದ ಎಮ್ಮೆಯ ಹಾಗೆ ಕೆಳಗೆ ಕುಸಿಯುತ್ತದೆ. ಆಮೇಲೆ ನಾನು ಪಂಪು ಹಾಕಿಕೊಂಡು, ಬೈದುಕೊಂಡು, ಬೆವರು ಒರೆಸಿಕೊಂಡು ಅದನ್ನು ಸರಿದೂಗಿಸಬೇಕು. ಇವರ ಹೊಟ್ಟೆಯಲ್ಲಿರುವುದಕ್ಕೆ ನನ್ನ ರಟ್ಟೆ ನೋಯಬೇಕು, ಎಂಥ ನ್ಯಾಯ ನೋಡಿ!

ಈ ವರ್ಷ ಅದು ವಿಪರೀತಕ್ಕೆ ಹೋಯಿತು. ಬಂದರಿನಲ್ಲಿ ಇದ್ದದ್ದೇ ಎರಡು ಬಂಡಿ. ಇನ್ನೊಂದು ರಿಪೇರಿಗೆಂದು ಹೋಗಿ ಬಿಡಿಭಾಗ ಬರಲಿಲ್ಲ ಅಂತ ಅಲ್ಲೇ ಕೂತಿತು. ಅದರ ಪಾಳಿಯೂ ನಮ್ಮ ತಲೆಗೇ ಬಂತು. ಮೇಲೆ ಬಂದು ಬಟ್ಟೆ ಒಗೆದು ಒಣಗಿಸುವುದರೊಳಗೆ ಮತ್ತೆ ಇಳಿಯುವ ಹುಕುಂ ಬರುತ್ತಿತ್ತು. ಒಳಗೆ ಇಬ್ಬರಿಗೆ ಒಂದು ಹಾಸಿಗೆ. ಒಬ್ಬ ಏಳುವ ತನಕ ಇನ್ನೊಬ್ಬ ಕಾಯಬೇಕು, ಹಾಸಿಗೆ ತಣ್ಣಗಾದದ್ದನ್ನು ನಾನು ಕಂಡಿಲ್ಲ. ಬೆಳಗು ಯಾವುದು ರಾತ್ರಿ ಯಾವುದು ತಿಳಿಯದೆ ಅಡುಗೆಯ ಖಾದರ್ ಮಲಗುವ ಹೊತ್ತಿಗೆ ಉಪ್ಪಿಟ್ಟು, ಎದ್ದ ಕೂಡಲೇ ಮುದ್ದೆ ಸಾರು ಬಡಿಸುತ್ತಿದ್ದ. ಕೇಳಿದರೆ ಸೌಟು ಎಸೆಯುತ್ತಿದ್ದ. ಕ್ಯಾಪ್ಟನ್ ಫಾಲಾಕ್ಷಯ್ಯನವರು ಹೊತ್ತಿಲ್ಲದ ಹೊತ್ತಿನಲ್ಲಿ ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುವರು, ಹೆರೆಯಲು ಅಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಕಿವಿಯ ಕೆಲಸದ ತಿಪ್ಪೇಶ ಊಟಕ್ಕೂ ಹೆಡ್‌ಫೋನ್ ತೆಗೆಯುತ್ತಿರಲಿಲ್ಲ. ನೀರಿನಲ್ಲಿ ಯಾವ ಕಡೆಯಿಂದ ಯಾವ ಸದ್ದು ಬರುತ್ತದೆ ಎಂದು ಕೂತು ಕೇಳುವುದು ಅವನ ಕೆಲಸ. ರತ್ನಿಯ ಜೊತೆ ಮದುವೆಯಾಗಿ ಒಂದು ಹೆಣ್ಣು ಮಗುವಾಗಿದೆ, ಇನ್ನೂ ಹಾಲು ಕುಡಿಯುವ ಕೂಸು. ಮೊದಲೆಲ್ಲ ಅದರ ಆಟ ಹೇಳಿ ಹೇಳಿ ನಮ್ಮ ತಲೆ ತಿನ್ನುತ್ತಿದ್ದವನು, ಈಚೆಗೆ ಆ ಮಾತೇ ಎತ್ತುತ್ತಿರಲಿಲ್ಲ.

ಬಾಯಿ ಬಿಡದಿರುವುದಕ್ಕೆ ಕಾರಣವೂ ಇತ್ತು ಅನ್ನಿ. ಹಿಂದೆ ಶೇಷಪ್ಪ ಅಂತ ಒಬ್ಬ ಇದ್ದ. ನಿದ್ದೆ ಬರುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೇಳಿಕೊಂಡ. ಅವನ ಹೆಸರಿನ ಮುಂದೆ ‘ಅನ್‌ಫಿಟ್’ ಅಂತ ಠಸ್ಸೆ ಹೊಡೆದು ಗೇಟಿನಲ್ಲಿ ಕೂರಿಸಿದರು. ಈಗ ಎಲ್ಲರೂ ಅವನ ಹತ್ತಿರ ಕಿವುಡನ ಹತ್ತಿರ ಆಡುವ ಹಾಗೆ ಜೋರಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ಅದನ್ನು ದಿನಾ ನೋಡಿಕೊಂಡು ಗೇಟು ದಾಟುವವರು ಯಾರು ತಾನೇ ಬಾಯಿ ಬಿಡುತ್ತಾರೆ?

ಆಗ ಮೇಲಿನ ಕಚೇರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿತು. ಕ್ಷೇಮಾಧಿಕಾರಿ ಅಂತ ವೃಂದಾ ಮೇಡಂ ಬಂದರು. ಕಚೇರಿಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ‘ಮನಸ್ಸು ಹಗುರ ದಿನಾಚರಣೆ’ ಅಂತ ಬ್ಯಾನರ್ ಕಟ್ಟಿದರು. ದೀಪ ಹಚ್ಚಿದ್ದಾಯಿತು, ಸೂಪರಿಂಟೆಂಡೆಂಟರಿಗೆ ಹಾರ ಹಾಕಿದ್ದಾಯಿತು, ಅವರು ನಗು ಎಷ್ಟು ಒಳ್ಳೆಯದೆಂದು ಮುಖ ಗಂಟು ಹಾಕಿಕೊಂಡು ಓದಿದ್ದೂ ಆಯಿತು. ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನೇ ವೇದಿಕೆಗೆ ಕರೆದು, ಕೈಗೆ ಮೈಕು ಕೊಟ್ಟು, “ಮನಸ್ಸು ಬಿಚ್ಚಿ ಮಾತಾಡಿ, ಏನು ಕಷ್ಟ ಇದೆ?” ಅಂದರು. ಪಕ್ಕದಲ್ಲೇ ಸೂಪರಿಂಟೆಂಡೆಂಟರು ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದಾರೆ, ನಮ್ಮ ಬಡ್ತಿ ಬರೆಯುವವರು ಅವರೇ! ಮೈಕಿನಲ್ಲಿ ಒಬ್ಬೊಬ್ಬರ ‘ಏನಿಲ್ಲ ಮೇಡಂ’ ಇಡೀ ಬಂದರಿಗೆ ಕೇಳಿಸಿತು. ತಿಪ್ಪೇಶನ ಸರದಿ ಬಂದಾಗ ವೇದಿಕೆಯ ಹಲಗೆ ಕಿರ್ರೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೇಸರಿಬಾತು ಹಂಚಿದರು.

ಮಧ್ಯಾಹ್ನ ಹೋಗಿ ನೋಡುತ್ತೇನೆ, ದಡಕ್ಕೆ ಕಟ್ಟಿದ್ದ ಬಂಡಿ ಗೇಣುದ್ದ ಹೆಚ್ಚು ಮುಳುಗಿದೆ. ನಮ್ಮವರು ಊಟದ ಮೇಲೆ ಅದರೊಳಗೆ ಹೋಗಿ ಮಲಗಿದ್ದರು. ನನಗೆ ಮೈಯೆಲ್ಲ ಉರಿಯಿತು. ನೇರ ಕಚೇರಿಗೆ ಹೋಗಿ, “ಸಾರ್, ನಿಮ್ಮ ದಿನಾಚರಣೆ ಆದ್ಮೇಲೆ ಬಂಡಿ ಇನ್ನೂ ಕೆಳಕ್ಕೆ ಹೋಗಿದೆ. ಈ ಜನಕ್ಕೆ ರಜೆ ಕೊಡಿ” ಅಂದೆ.

“ಅದು ಸಮುದ್ರದ ಉಬ್ಬರ ಕಣಮ್ಮ” ಅಂದರು ಸೂಪರಿಂಟೆಂಡೆಂಟರು.

“ಉಬ್ಬರ ಬಂದ್ರೆ ಬಂಡೀನೂ ನೀರಿನ ಜೊತೆ ಏಳುತ್ತೆ ಸಾರ್.”

“ಭಾಗೀರಥಮ್ಮ, ನಿಮಗೆ ಸಿಟ್ಟು ಜಾಸ್ತಿ. ಮೇಡಂ ಹತ್ರ ಪ್ರಾಣಾಯಾಮ ಹೇಳಿಸ್ಕೊಳಿ.”

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ವೃಂದಾ ಮೇಡಂ ಹೊರಗೆ ಬಂದು ನನ್ನ ತಡೆದರು. “ನಾನು ಬೇರೆ ಊರವಳು, ನನಗೆ ಇಲ್ಲಿಯದು ಅರ್ಥ ಆಗ್ತಿಲ್ಲ. ನಿಮ್ಮ ಜೊತೆ ಇಳಿದು ನೋಡಲಾ?” ಅಂದರು. ಇನ್ನೊಂದು ತೂಕ ಅಂತ ನಾನು ಗೊಣಗಿದೆ. ಆದರೆ ಮಾರನೆಯ ದಿನ ಚೀಲ ಹಿಡಿದು ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. ಏನಾದರೂ ಇದೆಯಾ ಅಂದೆ. ಅವರೂ, “ಏನಿಲ್ಲ” ಅಂದರು. ಊರಿನ ನೀರು ಕುಡಿದ ಒಂದೇ ವಾರಕ್ಕೆ ಕಲಿತುಬಿಟ್ಟಿದ್ದರು!

ಇಳಿದೆವು. ಕೆಲಸವೆಂದರೆ ಹೇಳುವಂಥದ್ದೇನೂ ಇಲ್ಲ, ತಳದ ಹತ್ತಿರ ಸದ್ದು ಮಾಡದೆ ನಿಂತು ಕಾಯುವುದು. ಕಾಯುವುದಕ್ಕಿಂತ ದಣಿಸುವ ಕೆಲಸ ಇನ್ನೊಂದಿಲ್ಲ. ಸ್ಪೂನು ಬಿದ್ದರೆ ಹತ್ತು ಜನ ಬೆಚ್ಚಿ ನೋಡುತ್ತಾರೆ. ಒಂದು ಸಲ ನಾನು ತಿಪ್ಪೇಶನಿಗೆ ಟೀ ತೆಗೆದುಕೊಂಡು ಹೋದೆ. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಿದ್ದ. ಕಣ್ಣು ಕೆಂಪಗಿತ್ತು.

“ಅಕ್ಕ, ಎಲ್ಲೋ ಮಗು ಅಳೋದು ಕೇಳಿಸ್ತಾ ಇದೆಯಾ ನಿಂಗೆ?”

“ನೀರೊಳಗೆ ಯಾವ ಮಗುನೋ? ಏನಾಗಿದೆ ನಿಂಗೆ?”

“ಏನಿಲ್ಲ ಬಿಡಕ್ಕ.”

ಲೋಟದ ಟೀ ಒಂದು ಕಡೆಗೆ ವಾಲಿತು. ಬಂಡಿ ಅವನಿದ್ದ ಕಡೆಗೆ ಬಾಗಿತ್ತು. ನನಗೆ ರೇಗಿಹೋಯಿತು. “ಇನ್ನೊಂದು ಸಲ ಏನಿಲ್ಲ ಅಂದ್ರೆ ಕಪಾಳಕ್ಕೆ ಬಿಡ್ತೀನಿ ನೋಡು! ನಿಮ್ಮ ಏನಿಲ್ಲ ಹೊತ್ತು ಹೊತ್ತು ನನ್ನ ಸೊಂಟ ಬಿತ್ತು. ಹೇಳೋ ಮಾರಾಯ, ಏನದು?” ಅಂತ ಸದ್ದು ಮಾಡಬಾರದೆಂಬುದನ್ನೂ ಮರೆತು ಕೂಗಾಡಿದೆ. ಅವನು ಇನ್ನಷ್ಟು ಮುದುರಿಕೊಂಡ. ಬಂಡಿ ಇನ್ನಷ್ಟು ಬಾಗಿತು. ಬೈದರೆ ಬಾಯಿ ಬಿಡುತ್ತಾರೆಂದು ನಾನು ಯಾಕೆ ಅಂದುಕೊಂಡೆನೋ, ಬೈಗುಳವೊಂದೇ ನನಗೆ ಬರುತ್ತಿದ್ದದ್ದು.

ಮೇಲೇಳುವ ಹೊತ್ತು ಬಂತು. ಕ್ಯಾಪ್ಟನ್ ಹೇಳಿದರು, ನಾನು ತೊಟ್ಟಿಗಳ ನೀರು ಹೊರಗೆ ತಳ್ಳಿದೆ. ಮುಳ್ಳು ಅಲುಗಲಿಲ್ಲ. ಆಳ ತೋರಿಸುವ ಆ ಮುಳ್ಳನ್ನು ಬೆರಳಿನಿಂದ ತಟ್ಟಿದೆ, ಏನೂ ಇಲ್ಲ. ಇನ್ನಷ್ಟು ಗಾಳಿ ಊದಿಸಿದೆ. ಬಂಡಿ ಒಮ್ಮೆ ನರಳಿ, ತಳದ ಕೆಸರಿಗೆ ಹೋಗಿ ಕೂತಿತು. ತೊಟ್ಟಿಯಲ್ಲಿ ಹನಿ ನೀರು ಉಳಿದಿರಲಿಲ್ಲ. ಹೊರಗೆ ತಳ್ಳಲು ಇನ್ನೇನೂ ಇರಲಿಲ್ಲ, ಇದ್ದ ಭಾರವೆಲ್ಲ ಆ ಜನರೊಳಗೇ ಇತ್ತು. ಒಳಗಿನ ಗಾಳಿ ಆಗಲೇ ಹಳಸಿದ ವಾಸನೆ ಹೊಡೆಯುತ್ತಿತ್ತು. ಹೀಗೇ ಕೂತರೆ ಎಲ್ಲರೂ ಇಲ್ಲೇ ಉಸಿರುಗಟ್ಟಿ ಸಾಯುತ್ತೇವೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕ್ಯಾಪ್ಟನ್ ಎಲ್ಲರನ್ನೂ ನನ್ನ ಪಂಪುಗಳ ಮುಂದೆ ಸೇರಿಸಿದರು. “ಎಲ್ರೂ ಒಳಗಿರೋದು ಹೇಳ್ರಿ. ಇದು ಆರ್ಡರ್” ಅಂದರು. ಆರ್ಡರಿಗೆ ಯಾರ ಬಾಯಿ ಬಿಟ್ಟೀತು? ಎಲ್ಲರೂ ತಲೆ ತಗ್ಗಿಸಿಕೊಂಡು ನಿಂತರು. ಕೊನೆಗೆ ಖಾದರ್ ಸೌಟನ್ನು ಕೆಳಗಿಟ್ಟು, “ಸಾರ್, ನೀವೆಲ್ಲ ತಟ್ಟೇಲಿ ಬಿಟ್ಟಿದ್ದನ್ನ ನೋಡಿದಾಗೆಲ್ಲ ನಂಗೆ ಅಳು ಬರುತ್ತೆ. ಸ್ಟೋರ್ ರೂಮಿಗೆ ಹೋಗಿ ಅತ್ತು ಬರ್ತೀನಿ” ಅಂದ. ಮುಳ್ಳು ನಡುಗಿತು. ವೃಂದಾ ಮೇಡಂ, “ನನಗೆ ನೀರು ಕಂಡ್ರೆ ಭಯ. ಮನೇಲಿ ಬಕೆಟ್ ಕೂಡ ತುಂಬಾ ತುಂಬಿಸಲ್ಲ. ಕ್ಷೇಮಾಧಿಕಾರಿನೇ ಭಯ ಅಂದ್ರೆ ನನ್ನನ್ನ ಯಾರು ನಂಬ್ತಾರೆ ಅಂತ ಹೇಳ್ಲಿಲ್ಲ” ಅಂದರು. ಮುಳ್ಳು ಇನ್ನಷ್ಟು ನಡುಗಿತು. ಆಮೇಲೆ ಒಬ್ಬೊಬ್ಬರದೇ ಬಂತು. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, “ಬಂಡಿ ಮುಚ್ಚಳ ಹಾಕಿದ ತಕ್ಷಣ ನನಗೆ ಉಸಿರು ನಿಂತೋಯ್ತು ಅನ್ಸುತ್ತೆ. ಅದಕ್ಕೇ ಶೇವ್ ಮಾಡ್ಕೊಳೋದು. ಕನ್ನಡಿ ಮೇಲೆ ಆವಿ ಕಂಡ್ರೆ ಉಸಿರಾಡ್ತಾ ಇದೀನಿ ಅಂತ ಧೈರ್ಯ” ಅಂದರು. ಬಂಡಿ ಕೆಸರಿನಿಂದ ಸ್ವಲ್ಪ ಮೇಲೆದ್ದು ಮತ್ತೆ ಕೂತಿತು.

ಉಳಿದವನು ತಿಪ್ಪೇಶ. ಎಲ್ಲರೂ ಅವನ ಕಡೆ ತಿರುಗಿದರು.

“ಏನಿಲ್ಲ ಸಾರ್” ಅಂದ.

ಖಾದರನ ಪಾತ್ರೆಗಳೆಲ್ಲ ಒಂದೇ ಸಲ ಜಾರಿ ಬಿದ್ದವು. ಬಂಡಿ ಕೆಸರಿನೊಳಗೆ ಇನ್ನೂ ಹೂತಿತು. ಆಗ ಶುರುವಾಯಿತು ನೋಡಿ ಗಲಾಟೆ. ಹೇಳೋ ಅಂತ ಒಬ್ಬ, ನಮ್ಮನ್ನೆಲ್ಲ ಸಾಯಿಸ್ತೀಯಾ ಅಂತ ಇನ್ನೊಬ್ಬ, ಆರ್ಡರ್ ಆರ್ಡರ್ ಅಂತ ಕ್ಯಾಪ್ಟನ್. ನನ್ನ ಬಾಯಿಗೂ ಬೈಗುಳ ಬಂದಿತ್ತು. ಆದರೆ ಅಷ್ಟು ಮುಖಗಳೂ ಅವನೊಬ್ಬನ ಮುಖಕ್ಕೆ ಮುತ್ತಿಗೆ ಹಾಕಿದ್ದನ್ನು ನೋಡಿ ನನಗೆ ನಮ್ಮೂರ ಬಸ್ಸಿನ ನೆನಪಾಯಿತು. ಜಯಣ್ಣ ಜನರ ಕಡೆ ತಿರುಗಿಕೊಂಡು ಕೇಳಿದ್ದರೆ ಆ ಬಸ್ಸು ಏರಿನಲ್ಲೇ ತುಕ್ಕು ಹಿಡಿದು ಹೋಗುತ್ತಿತ್ತು. ಇಷ್ಟು ವರ್ಷ ದಿನಾ ಅದೇ ಬಸ್ಸಿನಲ್ಲಿ ಹೋಗಿ ಬಂದು, ಬಂಡಿಯ ಬಾಗಿಲಲ್ಲಿ ನಿಂತು ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ!

“ಎಲ್ರೂ ಆ ಕಡೆ ತಿರುಗ್ರಿ” ಅಂದೆ.

“ಏನು?” ಅಂದರು ಕ್ಯಾಪ್ಟನ್.

“ಬೆನ್ನು ಹಾಕಿ ಸಾರ್. ನೀವೂನೂ.”

ಬಸ್ಸಿನ ಅಭ್ಯಾಸ ಎಲ್ಲರಿಗೂ ಇತ್ತು. ಕಿಟಕಿ ಇಲ್ಲದ ಗೋಡೆಯ ಕಡೆ ತಿರುಗಿ, ಕಿಟಕಿ ಇದ್ದವರ ಹಾಗೆ ಕೊಳವೆಗಳನ್ನು ನೋಡುತ್ತಾ ನಿಂತರು. ವೃಂದಾ ಮೇಡಂ ಭುಜ ಹಿಡಿದು ಖಾದರ್ ತಿರುಗಿಸಿದ. ನಾನೂ ತಿಪ್ಪೇಶನಿಗೆ ಬೆನ್ನು ಹಾಕಿ ಮುಳ್ಳಿನ ಮೇಲೆ ಕಣ್ಣಿಟ್ಟೆ. ಜಯಣ್ಣನ ಹಾಗೆಯೇ, ಯಾರಿಗೂ ಅಲ್ಲದ ಹಾಗೆ, “ಯಾರ್ದಾದ್ರೂ ಏನಾದ್ರೂ ಇದ್ರೆ ಹೇಳ್ಬಿಡ್ರಪ್ಪ, ಗಾಡಿ ಏರ್ತಿಲ್ಲ” ಅಂದೆ.

ಯಾರೋ ಕಿಸಕ್ಕೆಂದರು. ಎಷ್ಟು ಹೊತ್ತು ಹಾಗೆ ನಿಂತೆವೋ ತಿಳಿಯದು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟ ಸದ್ದಾಯಿತು.

“ಅವತ್ತು ಮನೇಲಿ ಮಗು ಅಳ್ತಿತ್ತು” ಅಂತ ಬೆನ್ನ ಹಿಂದಿನಿಂದ ಧ್ವನಿ ಬಂತು. “ನನ್ನ ಕಿವೀಗೆ ಅದು ಅಳು ಥರ ಕೇಳಿಸ್ಲಿಲ್ಲ. ಬಂಡಿ ಬಿರುಕು ಬಿಟ್ಟು ನೀರು ನುಗ್ಗೋ ಥರ ಕೇಳಿಸ್ತು. ಮುಚ್ಚಬೇಕು, ಬೇಗ ಮುಚ್ಚಬೇಕು ಅಂತ ಕೈ ಇಟ್ಟು ಒತ್ತಿ ಹಿಡಿದೆ. ಆಮೇಲೆ ನೋಡ್ತೀನಿ, ಅದು ಮಗು ಬಾಯಿ. ಕೈ ತೆಗೆದೆ. ಮಗೂಗೆ ಏನೂ ಆಗ್ಲಿಲ್ಲ. ರತ್ನಿ ಒಳಗಿಂದ ಓಡಿ ಬಂದು ಏನಾಯ್ತು ಅಂದ್ಲು. ಏನಿಲ್ಲ ಅಂದೆ. ಅವತ್ತಿಂದ ನಾನು ಮನೆಗೆ ಹೋಗಿಲ್ಲ. ಡ್ಯೂಟಿ ಅಂತ ಹೇಳಿ ಬಲೆ ಶೆಡ್ಡಲ್ಲಿ ಮಲಗ್ತೀನಿ. ಮತ್ತೆ ಹಾಗೇ ಮಾಡ್ಬಿಟ್ರೆ?”

ಯಾರೂ ತಿರುಗಲಿಲ್ಲ. ನನ್ನ ಕಣ್ಣು ಮಂಜಾಗಿ ಮುಳ್ಳು ಸರಿಯಾಗಿ ಕಾಣಿಸುತ್ತಿರಲಿಲ್ಲ. ಕಾಲ ಕೆಳಗಿನ ನೆಲ ನೂಕಿದಂತಾಗಿ ಬಂಡಿ ಕೆಸರಿನಿಂದ ಕಿತ್ತುಕೊಂಡು ಎದ್ದಿತು. ಎದ್ದ ರಭಸಕ್ಕೆ ನಾನೇ ಬಿದ್ದೆ. ಈಗ ಹಗುರ ಹೆಚ್ಚಾಯಿತು ಅಂತ ಮತ್ತೆ ತೊಟ್ಟಿಗೆ ನೀರು ಬಿಡಬೇಕಾಯಿತು. ಈ ಜನರ ಜೊತೆ ಏಗಿ ಸಾಕಾಗಿದೆ ಅಂತ ಜೋರಾಗಿ ಬೈದುಕೊಂಡು, ಅಳುತ್ತಾ ನೀರು ಬಿಟ್ಟೆ.

ದಡ ಸೇರಿದ ಮೇಲೆ ಕಚೇರಿಯಲ್ಲಿ ವಿಚಾರಣೆ ನಡೆಯಿತು. ಪಂಪು ಕೆಟ್ಟಿತ್ತು ಅಂತ ತೀರ್ಮಾನವಾಗಿ ನನಗೆ ಒಂದು ಮೆಮೋ ಬಂತು. ಚೆನ್ನಾಗಿರುವ ಪಂಪನ್ನು ಬಿಚ್ಚಿ ನೋಡಲು ಒಂದು ತಿಂಗಳು ಬೇಕಂತೆ, ಅಲ್ಲಿಯ ತನಕ ಬಂಡಿ ಇಳಿಯುವ ಹಾಗಿಲ್ಲ. ಮನುಷ್ಯರಿಗೆ ಕೊಡದ ರಜೆಯನ್ನು ಪಂಪಿಗೆ ಕೊಟ್ಟರು, ಅದರ ಹೆಸರಿನಲ್ಲಿ ನಮಗೂ ಸಿಕ್ಕಿತು. ಮೆಮೋವನ್ನು ನಾನು ಮರುಮಾತಾಡದೆ ತೆಗೆದುಕೊಂಡೆ. ವೃಂದಾ ಮೇಡಂ ತಿಪ್ಪೇಶನ ಪಕ್ಕ, ಅವನು ನೋಡುತ್ತಿದ್ದ ಕಡೆಗೇ ನೋಡುತ್ತಾ ಕೂತು, “ಪೇಟೇಲಿ ಒಬ್ಬರು ಒಳ್ಳೆ ಡಾಕ್ಟರ್ ಇದಾರೆ, ನಾಳೆ ನಾನೂ ಜೊತೆಗೆ ಬರ್ತೀನಿ. ಠಸ್ಸೆ ಹೊಡೆಯೋಕೆ ನಾನು ಬಿಡಲ್ಲ” ಅಂದರು. ಆ ಹೆಂಗಸಿನ ಮೇಲೆ ನನಗಿದ್ದ ಕೋಪ ಅರ್ಧ ಇಳಿಯಿತು.

ಸಂಜೆ ಗೇಟಿನ ಹತ್ತಿರ ತಿಪ್ಪೇಶ ಕಾಯುತ್ತಾ ನಿಂತಿದ್ದ. “ಅಕ್ಕ, ಮನೆ ತನಕ ಬರ್ತೀಯಾ?” ಅಂದ. ಬಂದರಿನ ಹಿಂದಿನ ಬೀದಿಯಲ್ಲೇ ಅವನ ಮನೆ. ಬಾಗಿಲಿಗೆ ರತ್ನಿ ಬಂದಳು, ಸೊಂಟದ ಮೇಲೆ ಕೂಸು. ಇಷ್ಟು ದಿನ ಮನೆಯ ಕಡೆ ತಲೆ ಹಾಕದ ಗಂಡನನ್ನು ಮೇಲಿಂದ ಕೆಳಗೆ ನೋಡಿ, “ಏನಾಗಿದೆ ರೀ ನಿಮಗೆ?” ಅಂದಳು. ನಾನು ಪಟ್ಟನೆ ಅವರಿಗೆ ಬೆನ್ನು ಹಾಕಿ ಬೀದಿಯಲ್ಲಿ ಹೋಗುತ್ತಿದ್ದ ಒಂದು ನಾಯಿಯನ್ನು ನೋಡುತ್ತಾ ನಿಂತೆ.

“ಏನಿ...” ಅಂದ ತಿಪ್ಪೇಶ. ಹೊಸ್ತಿಲ ಕಲ್ಲು ಸಣ್ಣಗೆ ಸದ್ದು ಮಾಡಿತು. ನಾನು ಹಲ್ಲು ಕಚ್ಚಿಕೊಂಡೆ.

“ಇದೆ ಕಣೇ” ಅಂದ. “ಇದೆ. ಒಳಗೆ ನಡಿ, ಹೇಳ್ತೀನಿ. ಮಗೂನ ನೀನೇ ಎತ್ಕೊಂಡಿರು.”

ಬಾಗಿಲು ಹಾಕಿಕೊಂಡಿತು. ಒಳಗೆ ಕೂಸು ಅಳತೊಡಗಿದ್ದು ಕೇಳಿಸಿತು. ನಾನು ನಿಲ್ಲಲಾರದೆ ಬಸ್ಸಿಗೆ ನಡೆದೆ.

ಏರಿನ ಅರ್ಧಕ್ಕೆ ಬಸ್ಸು ಎಂದಿನಂತೆ ನಿಂತಿತು. ಜಯಣ್ಣ ಮೆಟ್ಟಿಲಿಗೆ ಇಳಿದು ಬೆನ್ನು ಹಾಕಿ ಕೇಳಿದ. ಎಲ್ಲರೂ ಆಚೆ ತಿರುಗಿದರು. ಯಾರೂ ಬಾಯಿ ಬಿಡಲಿಲ್ಲ. ಯಾವನಪ್ಪ ಇವನು, ಇರುವುದನ್ನು ಹೇಳಿ ಮುಗಿಸಬಾರದಾ, ಇವನ ದೆಸೆಯಿಂದ ನಾನು ಇನ್ನೆಷ್ಟು ಹೊತ್ತು ಇಲ್ಲಿ ಕೂರಬೇಕು ಅಂತ ಒಳಗೊಳಗೇ ಕುದಿಯುತ್ತಿದ್ದೆ. ಜಯಣ್ಣ ಇನ್ನೊಮ್ಮೆ ಕೇಳಿದ. ಸೀಟಿನಿಂದ ಮೈ ಸರಿಸಿ ಕೂರೋಣವೆಂದು ಏಳಹೋದರೆ, ಏಳಲಾಗಲಿಲ್ಲ. ನನ್ನ ಕೆಳಗಿನ ಹಲಗೆ ನೆಲಕ್ಕೆ ಮುಟ್ಟುವಷ್ಟು ಬಾಗಿತ್ತು.

ಕಿಟಕಿಯ ಕಡೆ ತಿರುಗಿದೆ. ಕೆಳಗೆ ಬಂದರಿನ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಬಾಯಿಗೆ ಬಂದದ್ದು ಅದೇ ಹಾಳು ಮಾತು. ಅದನ್ನು ನುಂಗಿದೆ.

“ನಂದಿದೆ” ಅಂದೆ. “ಒಬ್ಬನ್ನ ಅವನ ಮನೇಲಿ ಬಿಟ್ಟು ಬಂದಿದೀನಿ. ಒಳಗೆ ಕೂಸು ಅಳ್ತಾ ಇತ್ತು. ನಂಗೆ ತುಂಬಾ ಭಯ ಆಗ್ತಿದೆ.”

ಯಾರೂ ತಿರುಗಿ ನೋಡಲಿಲ್ಲ. ಬಸ್ಸು ಒಮ್ಮೆ ಅಲುಗಿ ಮೆಲ್ಲಗೆ ಏರತೊಡಗಿತು. ಜಯಣ್ಣ ರಸ್ತೆಯ ಕಡೆ ನೋಡುತ್ತಲೇ, “ರೈಟ್, ರೈಟ್” ಅಂದ.